ಒಂಟಿಕಾಲಿನ ಕುಂಬಾರನು: ಯೋಷೀಯ ವೆಜ್‌ವುಡ್ಡನ ಚರಿತ್ರೆ

ಸಂತೆಯ ದಿನ ಕುಂಬಾರನು ಗಡಿಗೆಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿರುವದನ್ನು ನೀವೆಲ್ಲರೂ ನೋಡಿದ್ದೀರಿ. ಕೊಳ್ಳುವ ಹೆಂಗಸು ಗಡಿಗೆಯನ್ನು ಬೆರಳಿನಿಂದ ತಟ್ಟಿ, ಅದರ ಶಬ್ದವನ್ನು ಕೇಳಿ, ಒಡಕಿಲ್ಲವೆಂದು ತಿಳಿದ ಮೇಲೆಯೇ ಕಾಸು ಕೊಡುತ್ತಾಳೆ. ಪ್ರವಾದಿಯಾದ ಯೆರೆಮೀಯನನ್ನು ದೇವರು ಕುಂಬಾರನ ಮನೆಗೆ ಕಳುಹಿಸಿ ಪಾಠ ಕಲಿಸಿದ್ದನ್ನು ಸಹ ನಾವು ಬಲ್ಲೆವು. ಹೀಗಿದ್ದಾಗ್ಯೂ ನಮ್ಮ ಸಭೆಗಳಲ್ಲಿ ಕೆಲವರು, ಮಣ್ಣು ಮರ ಚರ್ಮಗಳನ್ನು ಮುಟ್ಟುವ ಕಸುಬು ಹೀನವಾದದ್ದೆಂದೂ, ಓದು ಬಂದ ಹುಡುಗನಿಗೆ ಬರವಣಿಗೆಯ ಉದ್ಯೋಗವೇ ತಕ್ಕದ್ದೆಂದೂ ಎಣಿಸುತ್ತಾರೆ. ಮತ್ತೆ ಕೆಲವರು ವ್ಯಾಪಾರವೆಂದರೆ ಸುಳ್ಳಿಲ್ಲದೆ ನಡೆಯದ ಕೆಲಸವೆಂದು ಹೇಳಿ ಅದನ್ನು ಅನ್ಯರಿಗೆ ಬಿಟ್ಟುಬಿಡುತ್ತಾರೆ. ಅಪೊಸ್ತಲನಾದ ಪೌಲನು ಗುಡಾರ ಮಾಡುವ ಕಸುಬಿನಿಂದ ಜೀವನ ಮಾಡಿದನೆಂಬದನ್ನು ಇವರು ಓದಿದ್ದರೂ ಮರೆಯುತ್ತಾರೆ. ಇಂಗ್ಲೆಂಡ್ ದೇಶದಲ್ಲಿ ಒಬ್ಬ ಕುಂಟನಾದ ಕುಂಬಾರನು ಹೇಗೆ ಬಾಳಿದನೆಂಬ ಸಂಗತಿಯನ್ನು ಈ ಸಾರಿ ಹೇಳುವೆವು.

ಆತನ ಹೆಸರು ಯೋಷೀಯ ವೆಜ್‌ವುಡ್. ಯೆಹೂದದ ಅರಸನಾದ ಯೋಷೀಯನ ಹೆಸರನ್ನು ತಂದೆತಾಯಿಗಳು ಇಟ್ಟರು. ಸ್ಟಾಫರ್ಡ್‌ಷಯರ್ ಎಂಬ ಸೀಮೆಯ ಬರ್ಸ್ಲೆಮ್ ಎಂಬ ಊರಿನಲ್ಲಿ ೧೭೩೦ನೇ ಇಸವಿಯ ಜುಲೈ ತಿಂಗಳಲ್ಲಿ ಆತನಿಗೆ ದೀಕ್ಷಾಸ್ನಾನವಾಯಿತು. ದೊಡ್ಡ ಕುಟುಂಬ, ಅದರಲ್ಲಿ ಆತನೇ ಎಲ್ಲರಿಗಿಂತ ಕಿರಿಯವನು. ತಲೆತಲಾಂತರದಿಂದ ಆ ಮನೆತನದವರಿಗೆ ಕುಂಬಾರಿಕೆಯೇ ಕಸುಬು. ಊರು ಎಂದು ಹೇಳಿದೆವಷ್ಟೆ. ಅಲ್ಲಿಯ ಕುಂಬಾರರು ಜೇಡಿಮಣ್ಣಿಗಾಗಿ ದಾರಿಯನ್ನೇ ಅಗೆಯುತ್ತಿದ್ದದರಿಂದ ಬೀದಿಯೆಲ್ಲಾ ಹೊಂಡ, ಹೊಂಡದ ತುಂಬಾ ಕೆಸರು, ಮೇಲೆ ಆವಿಗೆಗಳ ಹೊಗೆ. ಗಾಡಿ ಹೋಗುವ ರಸ್ತೆಯಿಲ್ಲದೆ ಪಾತ್ರೆಗಳನ್ನು ಹೇರುಕುದುರೆಗಳ ಬೆನ್ನಿನ ಮೇಲೆ ಸಾಗಿಸುತ್ತಿದ್ದರು. ಕುದುರೆ ಎಡವಿದರೆ ತಿಂಗಳ ಕೆಲಸವೇ ಒಡೆದುಹೋಗುತ್ತಿತ್ತು. ಜನರು ಕುಡುಕರೂ ಒರಟರೂ ಆಗಿದ್ದರು. ದೇವಭಕ್ತನಾದ ಜಾನ್ ವೆಸ್ಲಿಯು ೧೭೬೦ರಲ್ಲಿ ಆ ಊರಿಗೆ ಬಂದು ಸುವಾರ್ತೆಯನ್ನು ಸಾರಿದಾಗ ಯಾರೋ ಮಣ್ಣಿನ ಹೆಂಟೆಯನ್ನೆಸೆದು ಆತನ ತಲೆಗೆ ಹೊಡೆದರು.

ತಾಯಿಯಾದ ಮೇರಿಯು ಒಬ್ಬ ಸಭಾಪಾಲಕನ ಮಗಳು. ಆ ಸಭಾಪಾಲಕನು ರಾಜ್ಯದ ಸಭೆಗೆ ಒಳಪಡದೆ ಪ್ರತ್ಯೇಕವಾಗಿ ಆರಾಧಿಸುವವರ ಪಂಗಡಕ್ಕೆ ಸೇರಿದವನು. ಆ ಕಾಲದಲ್ಲಿ ಇಂಥವರಿಗೆ ಇಂಗ್ಲೆಂಡಿನ ವಿದ್ಯಾಪೀಠಗಳ ಬಾಗಲು ಮುಚ್ಚಿತ್ತು. ಸರಕಾರದ ಅಧಿಕಾರಗಳೂ ನ್ಯಾಯವಾಗಿ ದೊರೆಯುತ್ತಿರಲಿಲ್ಲ. ಆ ಕಟ್ಟಳೆಯು ೧೮೨೮ರ ವರೆಗೆ ನಿಂತಿತ್ತು. ಮತದ ನಿಮಿತ್ತ ಉದ್ಯೋಗ ತಪ್ಪುವದೆಂದರೆ ಏನೆಂಬದನ್ನು ನಮ್ಮ ಹಿರಿಯರು ಬಲ್ಲರು. ಆದದರಿಂದ ಈ ಸಂಗತಿಯನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಬೇರೆ ಬಾಗಲುಗಳು ಮುಚ್ಚಿದ್ದದರಿಂದ ಅವರಲ್ಲಿ ಅನೇಕರು ಕೈಕಸುಬು ವ್ಯಾಪಾರಗಳಲ್ಲಿಯೇ ಬುದ್ಧಿಯನ್ನು ಉಪಯೋಗಿಸಿದರು. ಒಂದು ಮಾತನ್ನು ಮರೆಮಾಡದೆ ಹೇಳಬೇಕು. ಯೋಷೀಯನು ಬೆಳೆದು ಸೇರಿಕೊಂಡಿದ್ದ ಸಭೆಯವರು ತ್ರಿತ್ವದ ಬೋಧನೆಯನ್ನು ನಾವು ಒಪ್ಪುವಂತೆ ಒಪ್ಪುತ್ತಿರಲಿಲ್ಲ. ಆ ವಿಷಯದಲ್ಲಿ ಆತನು ನಮಗೆ ಉಪದೇಶಕನಲ್ಲ. ದುಡಿಮೆಯಲ್ಲಿಯೂ ನೆರೆಯವನ ಸಂಕಟಕ್ಕೆ ಮರುಗುವದರಲ್ಲಿಯೂ ಆತನಿಂದ ಕಲಿಯತಕ್ಕದ್ದು ಉಂಟು.

೧೭೩೯ರಲ್ಲಿ ತಂದೆಯು ತೀರಿಹೋದನು. ಒಂಬತ್ತು ವರುಷದ ಹುಡುಗನು ಶಾಲೆಯನ್ನು ಬಿಟ್ಟು ಅಣ್ಣನ ಕಾರ್ಖಾನೆಯಲ್ಲಿ ಮಣ್ಣಿನ ಕೆಲಸಕ್ಕೆ ಕೂತನು. ತಂದೆಯು ಮರಣಪತ್ರದಲ್ಲಿ ಆತನಿಗೆ ಬರೆದಿಟ್ಟದ್ದು ೨೦ ಪೌಂಡು ಮಾತ್ರ; ಅದೂ ಪ್ರಾಯಕ್ಕೆ ಬಂದ ಮೇಲೆ ಸಲ್ಲತಕ್ಕದ್ದು. ತಿಗರಿಯ ಮೇಲೆ ಪಾತ್ರೆಯನ್ನು ಎತ್ತುವದರಲ್ಲಿ ಆತನ ಕೈ ಬೇಗನೆ ನುರಿತು, ಇವನು ಒಳ್ಳೇ ಕೆಲಸಗಾರನಾಗುವನೆಂದು ಎಲ್ಲರೂ ನೆನಸುವಷ್ಟರಲ್ಲಿ, ಸುಮಾರು ಹನ್ನೊಂದು ಹನ್ನೆರಡನೇ ವರುಷದಲ್ಲಿ ಸಿಡುಬಿನ ರೋಗವು ಆತನನ್ನು ಹಿಡಿಯಿತು. ಪ್ರಾಣ ಉಳಿಯಿತು. ಆದರೆ ರೋಗವು ಬಲಮೊಣಕಾಲಿನಲ್ಲಿ ನೆಲೆಗೊಂಡು ಕಾಲನ್ನು ಕೆಡಿಸಿಬಿಟ್ಟಿತು. ಆ ಸೀಮೆಯ ಕುಂಬಾರರು ತಿಗರಿಯನ್ನು ಕಾಲಿನಿಂದ ಒದ್ದು ತಿರುಗಿಸುವವರು, ಕಾಲಿಲ್ಲದವನಿಗೆ ತಿಗರಿಯಿಲ್ಲ. ೧೭೪೪ರಲ್ಲಿ ಅಣ್ಣನ ಕೈಕೆಳಗೆ ಐದು ವರುಷ ಕಸುಬು ಕಲಿಯುವದಕ್ಕೆ ಆತನನ್ನು ಪತ್ರ ಬರೆದು ಒಪ್ಪಿಸಿದರು. ಆದರೆ ಕಸುಬಿನ ಮುಖ್ಯವಾದ ಕೆಲಸವನ್ನೇ ಆತನು ಬಹುಕಾಲ ಮಾಡಲಾರದೆ ಹೋದನು.

ಇಲ್ಲಿ ಸ್ವಲ್ಪ ನಿಲ್ಲೋಣ. ತಿಗರಿಯು ಕೈತಪ್ಪಿದ ಹುಡುಗನು ಮೂಲೆಯಲ್ಲಿ ಕೂತು ಅಳಬಹುದಾಗಿತ್ತು. ಯಾರೂ ಆತನನ್ನು ತಪ್ಪುಹಿಡಿಯುತ್ತಿರಲಿಲ್ಲ. ಆದರೆ ಆತನು ಪಾತ್ರೆಯ ಆಕಾರವನ್ನು ಬಿಟ್ಟು ಪಾತ್ರೆಯ ಮಣ್ಣನ್ನು ವಿಚಾರಿಸುವದಕ್ಕೆ ತೊಡಗಿದನು. ಈ ಮಣ್ಣು ಬೆಂಕಿಯಲ್ಲಿ ಯಾಕೆ ಕೆಂಪಾಗುತ್ತದೆ, ಆ ಮಣ್ಣು ಯಾಕೆ ಬಿಳುಪಾಗುತ್ತದೆ, ಮೆರುಗು ಯಾಕೆ ಬಿರಿಯುತ್ತದೆ, ಒಂದೇ ಆವಿಗೆಯಲ್ಲಿ ಮೇಲಿನ ಪಾತ್ರೆಗೂ ಕೆಳಗಿನ ಪಾತ್ರೆಗೂ ಬಣ್ಣ ಬೇರೆಯಾಗುವದು ಯಾತರಿಂದ ಎಂದು ಕೇಳುತ್ತಾ ಹೋದನು. ನೆರೆಹೊರೆಯ ಕುಂಬಾರರು ಅಜ್ಜಂದಿರು ಮಾಡಿದ್ದನ್ನು ಮಾಡುತ್ತಿದ್ದರೇ ಹೊರತು ಹೀಗೆ ಕೇಳಿದವರು ಸ್ವಲ್ಪ ಜನ. ಕೂಲಿ ದಂಡವಾಗುತ್ತದೆಂದು ಅಣ್ಣನಿಗೆ ಈ ಪರೀಕ್ಷೆಗಳು ಹಿಡಿಸಲಿಲ್ಲ. ಕಲಿಯುವ ಕಾಲ ಮುಗಿದ ಬಳಿಕ ತಮ್ಮನನ್ನು ಪಾಲುಗಾರನನ್ನಾಗಿ ಸೇರಿಸಿಕೊಳ್ಳುವದಕ್ಕೆ ಆತನು ಒಪ್ಪಲೂ ಇಲ್ಲ.

ಮನೆಯ ಬಾಗಲು ಮುಚ್ಚಿದ ಮೇಲೆ ಯೋಷೀಯನು ಹೊರಗೆ ಪಾಲು ಹುಡುಕಿದನು. ೧೭೫೪ರಲ್ಲಿ ಥಾಮಸ್ ವೀಲ್ಡನ್ ಎಂಬ ಹೆಸರುಗೊಂಡ ಕುಂಬಾರನು ಆತನನ್ನು ಪಾಲುಗಾರನನ್ನಾಗಿ ಸೇರಿಸಿಕೊಂಡನು. ಈ ವೀಲ್ಡನನು ಉದಾರವಾದ ಮನಸ್ಸುಳ್ಳವನಾಗಿ ಕಿರಿಯವನ ಪರೀಕ್ಷೆಗಳಿಗೆ ಅಡ್ಡಬರಲಿಲ್ಲ. ೧೭೫೯ರಲ್ಲಿ ಯೋಷೀಯನು ಒಂದು ಪುಸ್ತಕವನ್ನು ತೆರೆದು, ಮಾಡಿದ ಪ್ರತಿಯೊಂದು ಪರೀಕ್ಷೆಗೂ ಒಂದು ಅಂಕೆಯನ್ನು ಕೊಟ್ಟು, ಯಾವ ವಸ್ತು, ಎಷ್ಟು ತೂಕ, ಆವಿಗೆಯ ಯಾವ ಜಾಗ, ಫಲವೇನು ಎಂಬದನ್ನು ಬರೆಯತೊಡಗಿದನು. ಬೇರೆಯವರ ಕೈಗೆ ಸಿಕ್ಕಿದರೆ ಓದಲಾರದಂತೆ ವಸ್ತುಗಳ ಹೆಸರಿಗೆ ಬದಲಾಗಿ ಗುಟ್ಟಿನ ಅಂಕೆಗಳನ್ನು ಹಾಕಿದನು. ಕೆಟ್ಟುಹೋದ ಪರೀಕ್ಷೆಯನ್ನೂ ಬಿಡದೆ ಬರೆದನು. ಈ ಪುಸ್ತಕಗಳೇ ಆತನ ನಿಜವಾದ ಮೂಲಧನವೆಂದು ನಾವು ಎಣಿಸುತ್ತೇವೆ. ೨೦ ಪೌಂಡಿನಿಂದ ಅಷ್ಟು ಆಗುತ್ತಿರಲಿಲ್ಲ. ಈ ಪ್ರಯತ್ನದಿಂದ ಮೊದಲು ಸಿಕ್ಕಿದ್ದು ಎಳೆಯೆಲೆಯಂತೆ ಹೊಳೆಯುವ ಒಂದು ಹಸುರು ಮೆರುಗು. ಹೂಕೋಸು, ಅನಾನಸು ಮುಂತಾದವುಗಳ ಆಕಾರದಲ್ಲಿ ಈ ಮೆರುಗಿನಿಂದ ಮಾಡಿದ ಪಾತ್ರೆಗಳನ್ನು ಜನರು ಆಶೆಯಿಂದ ಕೊಂಡುಕೊಂಡರು.

ಅದೇ ೧೭೫೯ರಲ್ಲಿ, ಇಪ್ಪತ್ತೊಂಬತ್ತು ವರುಷದವನಾಗಿ, ಬಂಧುಗಳಿಂದ ಬರ್ಸ್ಲೆಮಿನಲ್ಲಿ ಐವಿ ಹೌಸ್ ಎಂಬ ಮನೆಯನ್ನೂ ಅದರ ಕೆಲಸದ ಕೊಟ್ಟಿಗೆಗಳನ್ನೂ ಬಾಡಿಗೆಗೆ ಹಿಡಿದು ಸ್ವಂತ ಕಾರ್ಖಾನೆಯನ್ನು ಇಟ್ಟನು. ಕೆಲವು ವರುಷಗಳಲ್ಲಿ ಇನ್ನೂ ದೊಡ್ಡ ಸ್ಥಳಕ್ಕೆ ಹೋದನು. ಅಲ್ಲಿ ಕೆಲಸಗಾರರನ್ನು ಹೊತ್ತಿಗೆ ಸರಿಯಾಗಿ ಕರೆಯುವದಕ್ಕೆ ಒಂದು ಗಂಟೆಯನ್ನು ಕಟ್ಟಿಸಿದ್ದದರಿಂದ ಜನರು ಅದನ್ನು ಗಂಟೆಯ ಕಾರ್ಖಾನೆಯೆಂದು ಕರೆದರು. ಬೇಕಾದಾಗ ಬರುವದೂ, ಜಾತ್ರೆ ಬಂದರೆ ವಾರವಿಡೀ ಕಾಣದೆ ಹೋಗುವದೂ ಆ ಊರಿನವರ ವಾಡಿಕೆ. ಅದನ್ನು ಬಿಡಿಸುವದು ಮಣ್ಣನ್ನು ಬಿಳುಪುಮಾಡುವದಕ್ಕಿಂತ ಕಷ್ಟವಾಯಿತು.

ಹಸುರು ಪಾತ್ರೆಗಳು ಎಲ್ಲರ ಮನೆಯಲ್ಲಿಯೂ ಆದ ಮೇಲೆ ಅವುಗಳ ಮೇಲಿನ ಆಶೆ ತಗ್ಗಿತು. ಯೋಷೀಯನು ಅದನ್ನು ಮುಂಚಿತವಾಗಿಯೇ ಕಂಡು, ಕೆನೆಯ ಬಣ್ಣದ ತೆಳುವಾದ, ಬಿಸಿನೀರಿಗೆ ಬಿರಿಯದ ಪಾತ್ರೆಯ ಕಡೆಗೆ ತಿರುಗಿದನು. ಆಗಿನ ಐಶ್ವರ್ಯವಂತರು ಚೀನಾ ದೇಶದ ಪಿಂಗಾಣಿಯಲ್ಲಿಯೂ ಬೆಳ್ಳಿಯಲ್ಲಿಯೂ ಊಟಮಾಡುತ್ತಿದ್ದರು. ಬಡವರು ಮರದ ಇಲ್ಲವೆ ತವರದ ತಟ್ಟೆಯಲ್ಲಿ. ಇವೆರಡಕ್ಕೂ ನಡುವೆ ಅಂದವಾದದ್ದೂ ಹಿತವಾದ ಬೆಲೆಯದ್ದೂ ಆದ ಪಾತ್ರೆಯು ಇರಲಿಲ್ಲ. ೧೭೬೫ರಲ್ಲಿ ಶಾರ್ಲಟ್ ರಾಣಿಯ ಅರಮನೆಯಿಂದ ಚಹದ ಪಾತ್ರೆಗಳಿಗೆ ಅಪ್ಪಣೆ ಬಂತು. ಅವುಗಳ ಮೇಲೆ ಬಂಗಾರದ ನೆಲವೂ ಹಸುರು ಹೂವುಗಳೂ ಇರಬೇಕಾಗಿತ್ತು. ಮಣ್ಣಿನ ಪಾತ್ರೆಗೆ ಬಂಗಾರ ಹಿಡಿಸುವದು ಕಷ್ಟವಾದದರಿಂದ ಬೇರೆ ಕುಂಬಾರರು ಆ ಕೆಲಸವನ್ನು ಹಿಡಿಯಲಿಲ್ಲ. ಯೋಷೀಯನು ಹಿಡಿದನು. ಕೆಲಸವು ರಾಣಿಗೆ ಮೆಚ್ಚಿಗೆಯಾಗಲು, ಆ ಕೆನೆಬಣ್ಣದ ಪಾತ್ರೆಗಳನ್ನು ರಾಣಿಯ ಪಾತ್ರೆಗಳೆಂದು ಕರೆಯುವದಕ್ಕೆ ಅನುಮತಿಯನ್ನು ಪಡೆದನು. ಅರಮನೆಯಲ್ಲಿರುವಂಥದೇ ತಟ್ಟೆಯು ತಮ್ಮ ಮನೆಯಲ್ಲಿಯೂ ಇರಬೇಕೆಂದು ಮಧ್ಯಮ ಸ್ಥಿತಿಯವರೆಲ್ಲಾ ಕೊಂಡುಕೊಳ್ಳತೊಡಗಿದರು. ಮನುಷ್ಯರ ಆಡಂಬರದ ಆಶೆಯಿಂದ ಲಾಭ ಮಾಡಿಕೊಂಡನಲ್ಲವೋ ಎಂದು ಯಾರಾದರೂ ಕೇಳಿದರೆ, ಹೌದು, ಮಾಡಿಕೊಂಡನು. ಆದರೆ ಕೊಟ್ಟ ಸಾಮಾನಿನಲ್ಲಿ ಮೋಸವಿರಲಿಲ್ಲ. ಒಡಕಾದದ್ದನ್ನೋ ಸೊಟ್ಟಗಾದದ್ದನ್ನೋ ಕಂಡರೆ ಮರದ ಕಾಲಿನಿಂದ ಒಡೆದುಹಾಕಿ, ಇದು ವೆಜ್‌ವುಡ್ಡನಿಗೆ ತಕ್ಕದ್ದಲ್ಲವೆಂದು ಗೋಡೆಯ ಮೇಲೆ ಸೀಮೇಸುಣ್ಣದಿಂದ ಬರೆಯುತ್ತಿದ್ದನೆಂಬ ಕಥೆಯು ಆ ಸೀಮೆಯಲ್ಲಿ ಇಂದಿಗೂ ನಡೆದುಬಂದಿದೆ.

ಮರದ ಕಾಲು ಎಂದೆವು. ಅದರ ಸಂಗತಿಯು ಹೀಗೆ. ೧೭೬೨ರಲ್ಲಿ ಲಿವರ್‌ಪೂಲ್ ಎಂಬ ರೇವುಪಟ್ಟಣಕ್ಕೆ ಕುದುರೆಯ ಮೇಲೆ ಹೋಗುವಾಗ ದಾರಿಯಲ್ಲಿ ಆ ಕೆಟ್ಟ ಮೊಣಕಾಲಿಗೇ ಪೆಟ್ಟುಬಿದ್ದು, ಆತನು ವಾರಗಟ್ಟಲೆ ಆ ಪಟ್ಟಣದಲ್ಲಿ ಹಾಸಿಗೆ ಹಿಡಿದು ಮಲಗಬೇಕಾಯಿತು. ವೈದ್ಯನು ತನ್ನ ಸ್ನೇಹಿತನಾದ ಥಾಮಸ್ ಬೆಂಟ್ಲಿ ಎಂಬ ವರ್ತಕನನ್ನು ರೋಗಿಯ ಬೇಸರ ಕಳೆಯುವದಕ್ಕೆ ಕರೆತಂದನು. ಬೆಂಟ್ಲಿಯು ಭಾಷೆಗಳನ್ನು ಬಲ್ಲವನು, ಓದಿದವನು, ಪರದೇಶಗಳನ್ನು ಕಂಡವನು. ವೆಜ್‌ವುಡ್ಡನೋ ಒಂಬತ್ತು ವರುಷಕ್ಕೆ ಶಾಲೆ ಬಿಟ್ಟವನು. ಇಬ್ಬರ ಮನಸ್ಸೂ ಒಂದಾಗಿ ಸಾಯುವ ವರೆಗೆ ಬಿಡದ ಸ್ನೇಹವಾಯಿತು. ಮುಂದೆ ಬೆಂಟ್ಲಿಯೇ ಆತನ ಪಾಲುಗಾರನಾಗಿ ಲಂಡನಿನ ಮಾರಾಟವನ್ನು ನೋಡಿಕೊಂಡನು. ಆ ಪೆಟ್ಟು ಬೀಳದಿದ್ದರೆ ಆ ಸ್ನೇಹಿತನು ಸಿಕ್ಕುತ್ತಿರಲಿಲ್ಲ. ದೇವರ ದಾರಿಗಳು ನಮ್ಮ ಲೆಕ್ಕಕ್ಕೆ ಸಿಕ್ಕುವವುಗಳಲ್ಲ.

ಆದರೆ ಕಾಲಿನ ನೋವು ಬಿಡಲಿಲ್ಲ. ಕಡೆಗೆ ೧೭೬೮ನೇ ಮೇ ತಿಂಗಳ ೨೮ನೇ ತಾರೀಕಿನಲ್ಲಿ ಬಲಗಾಲನ್ನು ಕತ್ತರಿಸಿ ತೆಗೆದರು. ಮೂರ್ಛೆಗೊಳಿಸುವ ಈಥರ್ ಎಂಬ ಔಷಧವನ್ನು ಹಾಕಿ ಕೊಯ್ಯುವ ರೀತಿಯು ೧೮೪೬ರ ವರೆಗೆ ಲೋಕಕ್ಕೆ ಪ್ರಸಿದ್ಧವಾಗಿರಲಿಲ್ಲವೆಂಬದನ್ನು ನೆನಪಿನಲ್ಲಿಡಿರಿ. ಯೋಷೀಯನು ಕುರ್ಚಿಯಲ್ಲಿ ಕೂತುಕೊಂಡು, ಮುಖವನ್ನು ಮರೆಮಾಡಿಕೊಳ್ಳದೆ, ಗರಗಸವು ತನ್ನ ಎಲುಬಿನ ಮೇಲೆ ಆಡುವದನ್ನು ನೋಡಿದನು. ಅದೇ ವರುಷ ಆತನ ಎಳೆಗೂಸಾದ ಒಬ್ಬ ಮಗನೂ ತೀರಿಹೋದನು. ಹೆಂಡತಿಯಾದ ಸಾರಳು ಈ ಎರಡು ದುಃಖಗಳನ್ನು ಒಟ್ಟಿಗೆ ಹೊತ್ತಳು. ಇವಳು ಆತನ ದೂರದ ಬಂಧು, ಐಶ್ವರ್ಯವಂತನಾದ ಗಿಣ್ಣಿನ ವರ್ತಕನ ಮಗಳು. ಕುಂಟನಾದ ಕುಂಬಾರನಿಗೆ ಮಗಳನ್ನು ಕೊಡುವದಕ್ಕೆ ತಂದೆಯು ಬಹಳ ದಿನ ಹಿಂದೆಮುಂದೆ ನೋಡಿ ೧೭೬೪ರಲ್ಲಿ ಮದುವೆಗೆ ಒಪ್ಪಿದನು. ಗಂಡನ ಗುಟ್ಟಿನ ಅಂಕೆಗಳನ್ನು ಕಲಿತು ಪರೀಕ್ಷೆಗಳಲ್ಲಿ ನೆರವಾದವಳು ಇವಳೇ. ಇಂಥ ಹೆಂಗಸರ ಚರಿತ್ರೆಯನ್ನು ಯಾರೂ ಪ್ರತ್ಯೇಕವಾಗಿ ಬರೆಯುವದಿಲ್ಲವೆಂಬದು ನಮ್ಮ ದೂರು.

ಈ ನಡುವೆ ಆತನು ದಾರಿಯ ವಿಷಯದಲ್ಲಿಯೂ ಸುಮ್ಮನಿರಲಿಲ್ಲ. ಅರ್ಧ ಪಾತ್ರೆಗಳು ದಾರಿಯಲ್ಲಿಯೇ ಒಡೆಯುವದಾದರೆ ಚೆನ್ನಾಗಿ ಮಾಡಿ ಫಲವೇನು? ಮಾಡುವದು ಹೇಗೋ ಸಾಗಿಸುವದೂ ಹಾಗೆಯೇ ವ್ಯಾಪಾರದ ಭಾಗವೆಂದು ತಿಳಿದು, ಟ್ರೆಂಟ್ ಹೊಳೆಯಿಂದ ಮರ್ಸಿ ಹೊಳೆಯ ವರೆಗೆ ದೋಣಿಗಳು ಹೋಗುವ ಕಾಲುವೆಯನ್ನು ತೋಡಿಸಬೇಕೆಂದು ಸೀಮೆಯ ದೊಡ್ಡವರನ್ನು ಕಂಡು ಮಾತಾಡಿದನು. ಹೇರುಕುದುರೆಯವರೂ ಹೊಳೆಯ ದೋಣಿಯಿಂದ ಲಾಭ ಪಡೆಯುವವರೂ ವಿರೋಧಿಸಿದರು. ೧೭೬೬ರಲ್ಲಿ ಪಾರ್ಲಿಮೆಂಟಿನ ಅನುಮತಿ ದೊರೆಯಿತು. ಜುಲೈ ೨೬ರಲ್ಲಿ ವೆಜ್‌ವುಡ್ಡನೇ ಮೊದಲನೇ ಹೆಂಟೆಯನ್ನು ಅಗೆದನು. ಕಾಲುವೆಯ ಸಂಘದ ಖಜಾಂಚಿತನವನ್ನೂ ವಹಿಸಿಕೊಂಡನು. ಕಾಲುವೆಯನ್ನು ಗುರುತಿಸಿದ ಜೇಮ್ಸ್ ಬ್ರಿಂಡ್ಲಿಯು ಬರೆಯುವದಕ್ಕೆ ಸರಿಯಾಗಿ ಬಾರದಿದ್ದ ಯಂತ್ರಗಾರನು. ಕಷ್ಟದ ಪ್ರಶ್ನೆ ಬಂದಾಗ ಹಾಸಿಗೆಯಲ್ಲಿ ಮಲಗಿ ಎಲ್ಲವನ್ನೂ ತಲೆಯೊಳಗೇ ಲೆಕ್ಕಹಾಕಿ ಏಳುತ್ತಿದ್ದನಂತೆ. ಬೆಟ್ಟದೊಳಗೆ ಸುರಂಗವನ್ನು ಕೊರೆದು ೯೩ ಮೈಲುಗಳ ಆ ಕಾಲುವೆಯು ಮುಗಿದದ್ದು ೧೭೭೭ರಲ್ಲಿ. ಬ್ರಿಂಡ್ಲಿಯು ಐದು ವರುಷ ಮುಂಚೆಯೇ ಸತ್ತಿದ್ದನು. ಕಾರ್ನ್‌ವಾಲಿನ ಬಿಳೀ ಮಣ್ಣು ದೋಣಿಯಲ್ಲಿ ಬಂತು, ಪಾತ್ರೆಗಳು ಅಲುಗಾಡದೆ ಸಮುದ್ರಕ್ಕೆ ಹೋದವು, ಸಾಗಣೆಯ ಕೂಲಿಯು ಬಹಳವಾಗಿ ಇಳಿಯಿತು.

ಕಾಲುವೆಯು ಹಾದುಹೋಗುವ ದಂಡೆಯಲ್ಲಿ ಜಮೀನನ್ನು ಕೊಂಡು ವೆಜ್‌ವುಡ್ಡನು ಹೊಸ ಕಾರ್ಖಾನೆಯನ್ನು ಕಟ್ಟಿಸಿ, ಇಟಲಿಯ ಒಂದು ಪುರಾತನ ಸೀಮೆಯ ಹೆಸರಿನಿಂದ ಅದನ್ನು ಎಟ್ರೂರಿಯ ಎಂದು ಕರೆದನು. ೧೭೬೯ನೇ ಜೂನ್ ೧೩ರಲ್ಲಿ ಅದರ ಬಾಗಲನ್ನು ತೆರೆದರು. ಆ ದಿನ ಕಾಲುಕತ್ತರಿಸಿಕೊಂಡು ಇನ್ನೂ ಎರಡು ವರುಷ ತುಂಬದ ಯಜಮಾನನು ತಿಗರಿಯ ಮುಂದೆ ಕೂತನು. ಸ್ನೇಹಿತನಾದ ಬೆಂಟ್ಲಿಯು ಚಕ್ರವನ್ನು ತಿರುಗಿಸಿದನು. ಯೋಷೀಯನು ತನ್ನ ಕೈಯಿಂದ ಆರು ಕಪ್ಪು ಹೂದಾನಿಗಳನ್ನು ಎತ್ತಿದನು. ಹುಡುಗತನದಲ್ಲಿ ಬಿಟ್ಟುಕೊಡಬೇಕಾಗಿದ್ದ ತಿಗರಿಯು ಹೀಗೆ ಮತ್ತೊಬ್ಬನ ನೆರವಿನಿಂದ ಆತನ ಕೈಗೆ ತಿರಿಗಿ ಬಂತು.

ಕೆಲಸದವರಿಗಾಗಿ ಕಾರ್ಖಾನೆಯ ಸಮೀಪದಲ್ಲಿಯೇ ಮನೆಗಳನ್ನು ಕಟ್ಟಿಸಿದನು. ರೋಗಬಿದ್ದವರ ಸಹಾಯಕ್ಕೆ ಒಂದು ನಿಧಿಯು ಏರ್ಪಟ್ಟಿತು. ಇದನ್ನು ಓದುವಾಗ ನಮ್ಮವರಿಗೆ ಮಂಗಳೂರಿನ ಜೆಪ್ಪುವಿನ ನೆನಪು ಬಾರದಿರದು. ಅಲ್ಲಿ ನೇತ್ರಾವತಿಯ ದಂಡೆಯಲ್ಲಿ ೧೮೬೫ರಲ್ಲಿ ಬಾಸೆಲ್ ಮಿಶನಿನ ಪ್ಲೆಬ್ಸ್ಟ್ ಎಂಬವನು ಹಂಚಿನ ಕಾರ್ಖಾನೆಯನ್ನು ಇಟ್ಟು, ಕ್ರಿಸ್ತನನ್ನು ಹಿಂಬಾಲಿಸಿದ್ದಕ್ಕಾಗಿ ಜಾತಿಯನ್ನೂ ಜೀವನವನ್ನೂ ಕಳಕೊಂಡವರಿಗೆ ಕೆಲಸ ಕೊಟ್ಟನು. ಮಣ್ಣು ಒಂದೇ, ಕಟ್ಟಿದವರ ಉದ್ದೇಶ ಬೇರೆ. ವೆಜ್‌ವುಡ್ಡನು ಮೊದಲು ವ್ಯಾಪಾರಿ, ಆಮೇಲೆ ಉಪಕಾರಿ.

ಎಟ್ರೂರಿಯದಲ್ಲಿ ಒಬ್ಬನೇ ಕುಂಬಾರನು ಪಾತ್ರೆಯನ್ನು ಮೊದಲಿನಿಂದ ಕೊನೆಯ ವರೆಗೆ ಮಾಡುವ ಪದ್ಧತಿ ಇರಲಿಲ್ಲ. ಕಲಸುವವನು ಬೇರೆ, ಎತ್ತುವವನು ಬೇರೆ, ಕೆತ್ತುವವನು ಬೇರೆ, ಬಣ್ಣ ಹಾಕುವವನು ಬೇರೆ. ಇದರಿಂದ ಒಬ್ಬೊಬ್ಬನ ಕೈಯೂ ತನ್ನ ಕೆಲಸದಲ್ಲಿ ಪಳಗಿ, ಒಂದು ತಟ್ಟೆಯಂತೆಯೇ ಸಾವಿರ ತಟ್ಟೆಗಳಾದವು. ಮಾರಾಟದಲ್ಲಿಯೂ ಆತನು ಹೊಸ ದಾರಿಗಳನ್ನು ಹಿಡಿದನು. ಲಂಡನಿನಲ್ಲಿ ಪಾತ್ರೆಗಳನ್ನು ಮೇಜಿನ ಮೇಲೆ ಊಟಕ್ಕೆ ಇಟ್ಟಂತೆಯೇ ಇಟ್ಟು ತೋರಿಸುವ ಅಂಗಡಿ, ಸಾಮಾನುಗಳ ಪಟ್ಟಿಯ ಅಚ್ಚುಪುಸ್ತಕ, ಊರೂರಿಗೆ ಮಾದರಿಗಳನ್ನು ಹೊತ್ತು ತಿರುಗುವ ಮಾರಾಟಗಾರರು, ಮೆಚ್ಚದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುವ ಮಾತು, ದಾರಿಯಲ್ಲಿ ಒಡೆದರೆ ನಷ್ಟ ತನ್ನದೆಂಬ ಒಪ್ಪಿಗೆ, ಪಾತ್ರೆಯ ಅಡಿಯಲ್ಲಿ ತನ್ನ ಹೆಸರಿನ ಮುದ್ರೆ. ಹೆಸರನ್ನು ಒತ್ತಿದವನು ಮೋಸಮಾಡಿದರೆ ಮೋಸವು ಹೆಸರಿನ ಸಂಗಡವೇ ಹೋಗುತ್ತದೆ. ಆದದರಿಂದ ಆ ಮುದ್ರೆಯು ಕೊಳ್ಳುವವನಿಗೆ ಒಂದು ಜಾಮೀನಾಗಿತ್ತು. ಜರ್ಮನಿಯ ಪ್ರಭುಗಳಿಗೆ ಅವರು ಕೇಳದೆಯೇ ನೂರಾರು ಪೆಟ್ಟಿಗೆ ಪಾತ್ರೆಗಳನ್ನು ಕಳುಹಿಸಿ, ಬೇಕಾದರೆ ಹಣ ಕೊಡಿರಿ, ಬೇಡವಾದರೆ ಹಿಂದಕ್ಕೆ ಕಳುಹಿಸಿರಿ ಎಂದು ಬರೆದನು. ಬಹಳ ಸಾಹಸದ ಕೆಲಸವಿದು. ಹೆಚ್ಚಿನವರು ಹಣ ಕೊಟ್ಟರು. ಆದರೂ ನಮ್ಮಲ್ಲಿ ಯಾರೂ ಸಾಲ ತಂದು ಇಂಥದನ್ನು ಮಾಡಬಾರದೆಂಬದು ಈ ಬರಹಗಾರನ ಮನವಿ.

೧೭೭೨ರಲ್ಲಿ ದೇಶದಲ್ಲೆಲ್ಲಾ ವ್ಯಾಪಾರವು ಕುಂದಿತು. ಮಾಡಿದ ಪಾತ್ರೆಗಳು ರಾಶಿಯಾಗಿ ಬಿದ್ದವು, ಕೈಯಲ್ಲಿ ಹಣವಿಲ್ಲ. ಇಷ್ಟು ಮಾರಿಯೂ ಹಣವೆಲ್ಲಿ ಹೋಗುತ್ತದೆಂದು ಕೇಳಿಕೊಂಡ ಯೋಷೀಯನು ಲೆಕ್ಕಪುಸ್ತಕಗಳ ಮುಂದೆ ಕೂತು, ಒಂದೊಂದು ಹೂದಾನಿಗೆ ಮಣ್ಣಿನ ಖರ್ಚೆಷ್ಟು, ಸೌದೆ ಕಲ್ಲಿದ್ದಲಿನ ಖರ್ಚೆಷ್ಟು, ಕೂಲಿ ಎಷ್ಟು, ಬಾಡಿಗೆ ಎಷ್ಟು, ಒಡೆದದ್ದಕ್ಕೆ ಎಷ್ಟು ಎಂದು ಬಿಡಿಸಿಬಿಡಿಸಿ ಬರೆದನು. ಪರೀಕ್ಷೆಗಳಿಗೆ ಹಿಡಿದ ಶಿಸ್ತನ್ನು ಈಗ ಹಣಕ್ಕೆ ಹಿಡಿದನು. ಆಗ ಎರಡು ಸಂಗತಿಗಳು ಬೆಳಕಿಗೆ ಬಂದವು. ಒಂದು, ಕೆಲವು ಸಾಮಾನುಗಳನ್ನು ಅವುಗಳ ಖರ್ಚು ತಿಳಿಯದೆಯೇ ಬೆಲೆಕಟ್ಟಿ ಮಾರುತ್ತಿದ್ದನು. ಮತ್ತೊಂದು, ನಂಬಿಗೆಯ ಗುಮಾಸ್ತನೇ ಹಣವನ್ನು ನುಂಗುತ್ತಿದ್ದನು. ನಮ್ಮ ಹಳ್ಳಿಗಳಲ್ಲಿ ಅಂಗಡಿಯನ್ನಿಟ್ಟು ಆರು ತಿಂಗಳಲ್ಲಿ ಮುಚ್ಚುವವರು ಅದೃಷ್ಟವನ್ನೂ ನೆರೆಯವರ ಕಣ್ಣನ್ನೂ ದೂರುತ್ತಾರೆ; ಲೆಕ್ಕಪುಸ್ತಕ ಎಲ್ಲಿ ಎಂದು ಕೇಳಿದರೆ ತಲೆಯಲ್ಲಿ ಇದೆ ಎನ್ನುತ್ತಾರೆ. ಬ್ರಿಂಡ್ಲಿಯಂಥ ತಲೆಯು ಎಲ್ಲರಿಗೂ ಇರುವದಿಲ್ಲ.

ಮರುವರುಷ ರೂಸಿಯಾ ದೇಶದ ಚಕ್ರವರ್ತಿನಿಯಾದ ಕ್ಯಾಥರೀನಳು ಕಪ್ಪೆಗಳ ಜೌಗಿನ ಬಳಿಯಲ್ಲಿದ್ದ ತನ್ನ ಅರಮನೆಗಾಗಿ ೫೦ ಜನರ ಊಟದ ಪಾತ್ರೆಗಳನ್ನು ಬಯಸಿದಳು. ಪ್ರತಿಯೊಂದರ ಮೇಲೆಯೂ ಇಂಗ್ಲೆಂಡಿನ ಒಂದು ನಿಜವಾದ ಸ್ಥಳದ ಚಿತ್ರವೂ ಒಂದು ಹಸುರು ಕಪ್ಪೆಯೂ ಇರಬೇಕಾಗಿತ್ತು. ೯೫೨ ಪಾತ್ರೆಗಳು, ೧,೨೨೨ ಚಿತ್ರಗಳು! ಚಿತ್ರ ಬರೆಯುವವರನ್ನು ಹುಡುಕಿ, ಕೋಟೆ ಹೊಳೆ ತೋಟಗಳ ನಕ್ಷೆಗಳನ್ನು ಕೂಡಿಸಿ ೧೭೭೪ರಲ್ಲಿ ಮುಗಿಸಿದರು. ಬಂದ ಬೆಲೆಯು ಸುಮಾರು ೨,೭೦೦ ಪೌಂಡು. ಖರ್ಚು ಕಳೆದರೆ ಉಳಿದದ್ದು ಅತ್ಯಲ್ಪ. ಆದರೆ ಕಳುಹಿಸುವದಕ್ಕೆ ಮುಂಚೆ ಅದನ್ನು ಲಂಡನಿನಲ್ಲಿ ಹರವಿ ತೋರಿಸಲು, ರಾಣಿಯೂ ಪ್ರಭುಗಳೂ ನೋಡುವದಕ್ಕೆ ಬಂದರು. ಲಾಭವು ಆ ಕಡೆಯಿಂದ ಬಂತು.

ಆತನ ಎಲ್ಲಾ ಕೆಲಸಗಳಲ್ಲಿ ಹೆಸರಾದದ್ದು ಜಾಸ್ಪರ್ ಎಂಬ ಕಲ್ಲಿನಂಥ ಮಣ್ಣು. ತಿಳಿನೀಲಿಯ ನೆಲದ ಮೇಲೆ ಬಿಳೀ ಆಕೃತಿಗಳು ಎದ್ದುಬಂದಂತೆ ಕಾಣುವದು ಅದರ ಅಂದ. ಸಾವಿರಾರು ಪರೀಕ್ಷೆಗಳು ಬೂದಿಯಾದವು. ಒಂದು ಸಾರಿ ಚೆನ್ನಾಗಿ ಬಂದದ್ದು ಮತ್ತೊಂದು ಸಾರಿ ಉಬ್ಬಿ ಒಡೆಯಿತು. ಡರ್ಬಿಷಯರಿನಲ್ಲಿ ಸಿಕ್ಕುವ ಒಂದು ಭಾರವಾದ ಬಿಳೀ ಕಲ್ಲಿನ ಪುಡಿಯು ಬೇಕೆಂಬದು ಬಹು ಪ್ರಯಾಸದ ಬಳಿಕ ತಿಳಿದು, ೧೭೭೫ರ ಸುಮಾರಿಗೆ ಆ ಮಣ್ಣು ಆತನಿಗೆ ಒಳಗಾಯಿತು. ಆವಿಗೆಯ ಕಾವನ್ನು ಬೆಂಕಿಯ ಬಣ್ಣವನ್ನು ನೋಡಿ ಊಹಿಸುವದೇ ಕುಂಬಾರರ ಪದ್ಧತಿಯಾಗಿತ್ತು. ಜೇಡಿಮಣ್ಣು ಕಾವು ಹೆಚ್ಚಿದಷ್ಟೂ ಕುಗ್ಗುತ್ತದೆಂಬದನ್ನು ಹಿಡಿದು, ಚಿಕ್ಕ ಮಣ್ಣಿನ ತುಂಡುಗಳನ್ನು ಆವಿಗೆಯಲ್ಲಿಟ್ಟು, ಹೊರಗೆ ತೆಗೆದು, ಕ್ರಮವಾಗಿ ಕಿರಿದಾಗುವ ಹಿತ್ತಾಳೆಯ ಸಂದಿನಲ್ಲಿ ಜಾರಿಸಿ, ಎಲ್ಲಿ ನಿಲ್ಲುತ್ತದೋ ಅದರಿಂದ ಕಾವನ್ನು ಅಳೆಯುವ ಸಾಧನವನ್ನು ಆತನು ಕಂಡುಹಿಡಿದನು. ಇದಕ್ಕಾಗಿ ೧೭೮೩ರಲ್ಲಿ ಲಂಡನಿನ ರಾಯಲ್ ಸೊಸೈಟಿ ಎಂಬ ಪಂಡಿತರ ಸಂಘವು ಆತನನ್ನು ಸದಸ್ಯನನ್ನಾಗಿ ಆರಿಸಿತು. ಒಂಬತ್ತು ವರುಷಕ್ಕೆ ಶಾಲೆ ಬಿಟ್ಟವನಲ್ಲವೇ!

ಆದರೆ ಅದೇ ವರುಷದ ಮತ್ತೊಂದು ಸಂಗತಿಯನ್ನು ಬಿಟ್ಟು ಬರೆದರೆ ಚರಿತ್ರೆಯು ಸುಳ್ಳಾಗುವದು. ಬೆಳೆ ಕೆಟ್ಟು ರೊಟ್ಟಿಯ ಬೆಲೆ ಏರಿತ್ತು. ಹಿಟ್ಟು ತುಂಬಿದ ದೋಣಿಯೊಂದು ಎಟ್ರೂರಿಯದ ಬಳಿಯಲ್ಲಿ ನಿಂತು ಬೇರೆ ಊರಿಗೆ ಹೊರಡುವದೆಂದು ಕೇಳಿ, ಹಸಿದ ಜನರು ಕೂಡಿಬಂದು ಅದನ್ನು ಹಿಡಿದು ಹಿಟ್ಟನ್ನು ತಾವೇ ಬೆಲೆಕಟ್ಟಿ ಮಾರಿದರು. ದಂಡು ಬಂತು. ಒಬ್ಬನನ್ನು ಗಲ್ಲಿಗೆ ಹಾಕಿದರು. ವೆಜ್‌ವುಡ್ಡನು ಕುಂಬಾರರ ಸೀಮೆಯ ಯೌವನಸ್ಥರಿಗೆ ಒಂದು ಚಿಕ್ಕ ಪುಸ್ತಕವನ್ನು ಬರೆದು, ದಂಗೆಯು ತಪ್ಪೆಂದೂ, ಅವರ ಸ್ಥಿತಿಯು ತಾತಂದಿರ ಸ್ಥಿತಿಗಿಂತ ಎಷ್ಟೋ ಮೇಲಾಗಿದೆಯೆಂದೂ, ಹಿಂದಿನ ಗುಡಿಸಲುಗಳನ್ನು ಈಗಿನ ಮನೆಗಳ ಸಂಗಡ ಹೋಲಿಸಿ ನೋಡಬೇಕೆಂದೂ ತಿಳಿಸಿದನು. ಆತನು ಹೇಳಿದ್ದು ನಿಜವಿರಬಹುದು. ಆದರೆ ಹೊಟ್ಟೆ ಹಸಿದವನಿಗೆ ತಾತನ ಹಸಿವೆಯನ್ನು ನೆನಪುಮಾಡಿಕೊಟ್ಟರೆ ತೃಪ್ತಿಯಾಗುವದೋ? ಈ ವಿಷಯದಲ್ಲಿ ಆತನನ್ನು ಹೊಗಳುವದಕ್ಕೆ ನಮ್ಮಿಂದಾಗದು. ಆತನ ಕಾರ್ಖಾನೆಯಲ್ಲಿ ಚಿಕ್ಕ ಮಕ್ಕಳೂ ದುಡಿಯುತ್ತಿದ್ದರು. ಮೆರುಗಿನಲ್ಲಿ ಸೇರಿದ ಸೀಸದ ವಿಷವು ಅದ್ದುವ ಕೆಲಸದವರ ಕೈಕಾಲುಗಳನ್ನು ಕೆಡಿಸುತ್ತಿತ್ತು. ಆ ಕೇಡು ಕುಂಬಾರರ ಸೀಮೆಯಲ್ಲಿ ಆತನು ಸತ್ತು ನೂರು ವರುಷಗಳಾದರೂ ನೀಗಲಿಲ್ಲ.

೧೭೮೦ರಲ್ಲಿ ಬೆಂಟ್ಲಿಯು ತೀರಿಹೋಗಿದ್ದನು. ಲಿವರ್‌ಪೂಲಿನಲ್ಲಿ ವ್ಯಾಪಾರ ಮಾಡಿದರೂ ಆ ಸ್ನೇಹಿತನು ಆ ಪಟ್ಟಣದ ದೊಡ್ಡ ಪಾಪವಾದ ಗುಲಾಮರ ವ್ಯಾಪಾರವನ್ನು ದ್ವೇಷಿಸಿದವನು. ಆ ರೇವಿನಿಂದ ಹಡಗುಗಳು ಆಫ್ರಿಕದ ಕರಾವಳಿಗೆ ಹೋಗಿ, ಗಂಡಸರು ಹೆಂಗಸರು ಮಕ್ಕಳೆನ್ನದೆ ಸರಪಣಿ ಹಾಕಿ ತುಂಬಿಕೊಂಡು, ಸಮುದ್ರದಾಚೆ ಕಬ್ಬಿನ ತೋಟಗಳಿಗೆ ಮಾರುತ್ತಿದ್ದವು. ವೆಜ್‌ವುಡ್ಡನ ಪಾತ್ರೆಗಳು ಸಹ ಅದೇ ರೇವಿನಿಂದ ಅಮೇರಿಕಕ್ಕೂ ವೆಸ್ಟ್ ಇಂಡೀಸ್ ದ್ವೀಪಗಳಿಗೂ ಹೋಗುತ್ತಿದ್ದವು. ಆ ದ್ವೀಪಗಳಲ್ಲಿ ತಟ್ಟೆ ಕೊಳ್ಳುವವರ ಹಣವು ಯಾರ ಬೆವರಿನಿಂದ ಬಂದದ್ದೆಂಬದು ಆತನಿಗೆ ಗೊತ್ತಿಲ್ಲದ ಮಾತಲ್ಲ. ೧೭೮೭ನೇ ಮೇ ತಿಂಗಳಲ್ಲಿ ಲಂಡನಿನಲ್ಲಿ ಆ ವ್ಯಾಪಾರವನ್ನು ನಿಲ್ಲಿಸುವ ಉದ್ದೇಶದಿಂದ ಒಂದು ಸಂಘವು ಹುಟ್ಟಿತು. ಅದರಲ್ಲಿ ಹೆಚ್ಚಿನವರು ಕ್ವೇಕರರೆಂಬ ಭಕ್ತರು. ವೆಜ್‌ವುಡ್ಡನು ಅದರ ಕಾರ್ಯಮಂಡಲಿಯನ್ನು ಸೇರಿದನು. ಕೊಳ್ಳುವವರಲ್ಲಿ ಅನೇಕರಿಗೆ ಇದು ಹಿಡಿಸದೆಂದು ತಿಳಿದೂ ಸೇರಿದನು.

ಸಂಘದ ಮುದ್ರೆಯನ್ನು ಆತನು ತನ್ನ ಕಸುಬಿನಿಂದ ಲೋಕಕ್ಕೆ ಹರಡಿದನು. ಆತನ ಅಚ್ಚುಗಾರನಾದ ಹ್ಯಾಕ್‌ವುಡ್ ಎಂಬವನು ಒಂದು ಚಿಕ್ಕ ಬಿಲ್ಲೆಯನ್ನು ಕೆತ್ತಿದನು. ಬಿಳೀ ಜಾಸ್ಪರಿನ ಮೇಲೆ ಕಪ್ಪಾದ ಒಬ್ಬ ಮನುಷ್ಯನು ಸರಪಣಿ ಬಿಗಿದ ಕೈಗಳನ್ನೆತ್ತಿ ಮೊಣಕಾಲೂರಿದ್ದಾನೆ. ಸುತ್ತಲೂ ಇರುವ ಅಕ್ಷರಗಳು ತಾನೂ ಮನುಷ್ಯನಲ್ಲವೇ, ತಾನೂ ಸಹೋದರನಲ್ಲವೇ ಎಂದು ಕೇಳುವ ಅರ್ಥವುಳ್ಳವು. ಇಂಥ ಬಿಲ್ಲೆಗಳನ್ನು ಬಹು ಸಂಖ್ಯೆಯಲ್ಲಿ ಮಾಡಿಸಿ ಬೆಲೆಯಿಲ್ಲದೆ ಹಂಚಿದನು. ಲೆಕ್ಕದಲ್ಲಿ ಒಂದು ಕಾಸನ್ನೂ ಬಿಡದ ಆ ವ್ಯಾಪಾರಿಯು ಇದಕ್ಕೆ ಲೆಕ್ಕವಿಡಲಿಲ್ಲ. ೧೭೮೮ರಲ್ಲಿ ಒಂದು ಕಟ್ಟನ್ನು ಅಮೇರಿಕದ ಬೆಂಜಮಿನ್ ಫ್ರಾಂಕ್ಲಿನನಿಗೂ ಕಳುಹಿಸಿದನು. ಗಂಡಸರು ಅವುಗಳನ್ನು ನಶ್ಯದ ಡಬ್ಬಿಯ ಮುಚ್ಚಳದಲ್ಲಿ ಕೂಡಿಸಿದರು. ಹೆಂಗಸರು ಬಳೆಯಲ್ಲಿಯೂ ಕೂದಲಿನ ಸೂಜಿಯಲ್ಲಿಯೂ ಕಟ್ಟಿಸಿ ಧರಿಸಿದರು. ಆಡಂಬರದ ಆಶೆಯಿಂದ ತಟ್ಟೆ ಕೊಂಡಿದ್ದ ಅದೇ ಜನರ ಮೈಮೇಲೆ ಈಗ ಬಡ ಗುಲಾಮನ ಮೊರೆಯು ಏರಿತು. ಓದಲು ಪುರಸೊತ್ತಿಲ್ಲದವರು ಸಹ ಅದನ್ನು ನೋಡಿ ಇದೇನೆಂದು ಕೇಳಬೇಕಾಯಿತು. ಮೊಣಕಾಲೂರಿ ಬೇಡುವವನಂತೆ ಆಫ್ರಿಕದವನನ್ನು ತೋರಿಸಿದ್ದು ಆತನ ಮಾನಕ್ಕೆ ಕುಂದೆಂದು ಈಚಿನ ಕಾಲದವರು ಹೇಳಿದ್ದಾರೆ, ಅದರಲ್ಲಿ ಸತ್ಯವುಂಟು. ಗುಲಾಮರು ಬೇಡುತ್ತಾ ಮಾತ್ರ ಕೂತವರಲ್ಲ, ತಾವೂ ಹೋರಾಡಿದವರು.

ಕಡೇ ವರುಷಗಳಲ್ಲಿ ಆತನು ಪುರಾತನ ರೋಮಿನ ಒಂದು ಗಾಜಿನ ಹೂದಾನಿಯನ್ನು ಪೋರ್ಟ್‌ಲ್ಯಾಂಡಿನ ಪ್ರಭುವಿನಿಂದ ಎರವಲು ತಂದು, ಅದರಂತೆಯೇ ಜಾಸ್ಪರಿನಲ್ಲಿ ಮಾಡುವದಕ್ಕೆ ಮೂರು ವರುಷಗಳಿಗಿಂತ ಹೆಚ್ಚು ಹೆಣಗಿ ೧೭೮೯ರಲ್ಲಿ ಜಯಹೊಂದಿದನು. ಆಮೇಲೆ ಕಾರ್ಖಾನೆಯನ್ನು ಮಕ್ಕಳ ಕೈಗೆ ಬಿಡುತ್ತಾ ಬಂದನು. ೧೭೯೫ನೇ ಜನವರಿ ೩ರಲ್ಲಿ ಎಟ್ರೂರಿಯದ ತನ್ನ ಮನೆಯಲ್ಲಿ ಪ್ರಾಣಬಿಟ್ಟನು. ಸ್ಟೋಕ್ ಊರಿನ ದೇವಾಲಯದಲ್ಲಿ ಆತನನ್ನು ಹೂಣಿಟ್ಟರು. ೨೦ ಪೌಂಡಿನಿಂದ ಹೊರಟವನು ಬಿಟ್ಟುಹೋದ ಆಸ್ತಿಯು ಸುಮಾರು ಐದು ಲಕ್ಷ ಪೌಂಡೆಂದು ಎಣಿಸಿದರು. ಹಿರೀ ಮಗಳಾದ ಸುಸನ್ನಳಿಗೆ ೧೮೦೯ರಲ್ಲಿ ಹುಟ್ಟಿದ ಮಗನೇ ಜೀವಜಂತುಗಳ ವಿಷಯವಾಗಿ ಬರೆದು ಪ್ರಸಿದ್ಧನಾದ ಚಾರ್ಲ್ಸ್ ಡಾರ್ವಿನ್.

ಗುಲಾಮರ ವ್ಯಾಪಾರವು ಆತನ ಕಾಲದಲ್ಲಿ ನಿಲ್ಲಲಿಲ್ಲ. ಬಿಲ್ಲೆಯನ್ನು ಮಾಡಿ ಇಪ್ಪತ್ತು ವರುಷಗಳಾದ ಮೇಲೆ, ೧೮೦೭ರಲ್ಲಿ, ಪಾರ್ಲಿಮೆಂಟು ಅದನ್ನು ನಿಷೇಧಿಸಿತು. ಮೊದಲೇ ಕೊಳ್ಳಲ್ಪಟ್ಟವರು ಆಗಲೂ ಬಿಡುಗಡೆ ಹೊಂದಲಿಲ್ಲ. ತಾಯಿಯ ಹೆಸರನ್ನೇ ಹೊತ್ತ ಆತನ ಕಿರೀ ಮಗಳಾದ ಸಾರಳು ಮದುವೆಯಾಗದೆ ಉಳಿದು, ಗುಲಾಮರ ಬಿಡುಗಡೆಗಾಗಿ ಹೆಂಗಸರು ಕೂಡಿದ ಸಂಘದ ಕೆಲಸಕ್ಕೆ ಸೇರಿದಳು. ೧೮೩೩ರಲ್ಲಿ ಕಾಯಿದೆಯಾಗಿ, ಮರುವರುಷ ಆಗಸ್ಟ್ ೧ರಲ್ಲಿ ಅದು ಜಾರಿಗೆ ಬಂದಾಗ, ತಂದೆಯು ಸತ್ತು ಮೂವತ್ತೊಂಬತ್ತು ವರುಷಗಳಾಗಿದ್ದವು. ಮಗಳು ಇನ್ನೂ ಜೀವದಿಂದಿದ್ದು ಅದನ್ನು ಕಂಡಳು.